ತುಳಸಿ ಮುಂದಿನ ದೀಪ

ಹೋದ ಮಂಗಳವಾರ ಎಂದಿನಂತೆ ಆರೂವರೆಗೆ ಎದ್ದೆ. ಹಾಲು ಕಾಯಿಸಿದೆ. ನಮ್ಮವರ ಡಬ್ಬಿಗೆ ಚಪಾತಿ, ಮೆಂತ್ಯದ ಪಲ್ಯ. ಬಾಲ್ಕನಿಯ ತುಳಸಿಗೆ ನೀರು ಹಾಕುವಾಗ ಎದುರು ಬಾಲ್ಕನಿಯಿಂದ ಮರಾಠಿಯವರಾದ ಜೋಶಿ ಕಾಕು ಕೈ ಬೀಸಿದರು. ಕೋಥರೂಡದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಟವೆಲೂ ಒಣಗುವುದಿಲ್ಲ.

ಆಮೇಲೆ ಬಾತ್‌ರೂಮಿಗೆ ಹೋದೆ.

ರಕ್ತ.

ಏಳು ವರ್ಷ ಕಾದು, ಎರಡು ಸಲ ಐವಿಎಫ್ ಸೋತು, ಮೂರನೆಯ ಸಲ ನಿಂತ ಗರ್ಭಕ್ಕೆ ಆರು ವಾರ ತುಂಬಿತ್ತು. ಮನೆಯ ನಾವು ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅತ್ತೆಗೆ ಹೇಳಿದೆ. ಧಾರವಾಡದವರು, ಮಡಿ ಜೋರು. ತಿಂಗಳಿಗೆ ನಾಲ್ಕು ದಿನ, ಮುಟ್ಟಾದಾಗ, ನಾನು ದೇವರ ಮನೆಗಾಗಲಿ ತುಳಸಿಯ ಹತ್ತಿರವಾಗಲಿ ಸುಳಿಯುವಂತಿಲ್ಲ. ಉಳಿದ ದಿನ ಸಂಜೆಯ ದೀಪ ನನ್ನ ಕೆಲಸ; ಆ ನಾಲ್ಕು ದಿನ ಮಾತ್ರ ಅವರು ಹಚ್ಚುತ್ತಾರೆ. ಗಾಬರಿಯಲ್ಲಿ ಅವರ ಬಾಯಿಗೆ ಬಂದದ್ದೂ ಅದೇ.

"ಅಯ್ಯ, ಹಂಗಾರ ದೇವ್ರ ಮನಿಗೆ ಬರಬ್ಯಾಡವಾ ಇವತ್ತ."

ಡಾಕ್ಟರ್ ನೋಡುವ ಮೊದಲೇ, ಇದು ಬರೀ ಮುಟ್ಟು, ಕೂಸು ಹೋಯಿತು ಎಂದು ತೀರ್ಪು ಕೊಟ್ಟಂತಾಯಿತು. ಕಿರುಚಬೇಕೆನ್ನಿಸಿತು. ಆದರೆ ಕಾನ್ವೆಂಟಿನ ಸಿಸ್ಟರ್‌ಗಳು ದನಿ ಎತ್ತದಂತೆ ಬೆಳೆಸಿದ್ದರಲ್ಲ. "ಹೂಂ ರೀ" ಎಂದು ಪ್ಯಾಡ್ ಹುಡುಕಲು ಹೋದೆ.

ಕ್ಲಿನಿಕ್ಕಿನಲ್ಲಿ ಒಂದೂವರೆ ಗಂಟೆ ಕೂತೆವು. ಗೋಡೆಯ ತುಂಬ ಕೂಸುಗಳ ಫೋಟೋ, ಎಲ್ಲವೂ ನಗುವವೇ. ನಮ್ಮವರು ಮೊಬೈಲಿನಲ್ಲಿ ಏನೇನೋ ಓದಿ, ಮುಖ ಸಣ್ಣ ಮಾಡಿಕೊಂಡು, ನನಗೆ "ಟೆನ್ಶನ್ ತಗೋಬ್ಯಾಡ" ಎನ್ನುತ್ತಿದ್ದರು. ರಿಸೆಪ್ಷನ್ನಿನ ಹುಡುಗಿಯೂ ಮರಾಠಿಯಲ್ಲಿ ಅದನ್ನೇ ಅಂದಳು. ತಗೊಳ್ಳದೆ ಎಲ್ಲಿಡಲಿ?

ಸ್ಕ್ಯಾನ್ ಪರದೆಯ ಮೇಲೆ ಸಾಸಿವೆಯಷ್ಟು ಏನೋ ಮಿಣಮಿಣ ಎನ್ನುತ್ತಿತ್ತು.

"ಹಾರ್ಟ್‌ಬೀಟ್ ಇದೆ," ಎಂದರು ಡಾಕ್ಟರ್. "ಪಕ್ಕದಲ್ಲಿ ರಕ್ತದ ಕ್ಲಾಟ್ ಇದೆ. ಕರಗಬಹುದು, ಬೆಳೆಯಲೂಬಹುದು. ಹತ್ತು ದಿನ ಬಿಟ್ಟು ನೋಡೋಣ."

"ಅಲ್ಲೀತನಕ ನಾ ಏನ್ ಮಾಡ್ಲಿ?"

"ವೇಯ್ಟ್."

ಏಳು ವರ್ಷದಿಂದ ಮಾಡುತ್ತಿರುವ ಕೆಲಸ ಅದೊಂದೇ. ಆದರೂ "ಥ್ಯಾಂಕ್ಯೂ ಡಾಕ್ಟರ್" ಎಂದೆ. ಅಭ್ಯಾಸ ನೋಡಿ. ಆ ಹತ್ತರಲ್ಲಿ ಇವತ್ತಿಗೆ ಆರು ದಿನ ಕಳೆದಿವೆ. ರಕ್ತ ಕಡಿಮೆಯಾಗಿದೆ, ನಿಂತಿಲ್ಲ.

ಅವತ್ತು ಮಧ್ಯಾಹ್ನವೆಲ್ಲ ಮಲಗಿ ಫ್ಯಾನಿನ ರೆಕ್ಕೆಯ ಧೂಳು ನೋಡಿದೆ. ಅತ್ತೆ ಮಗನಿಂದ ಸ್ಕ್ಯಾನಿನ ವಿಷಯ ಕೇಳಿ ತಿಳಿದರು. ಸಂಜೆ ಹಣತೆ, ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಹಾಸಿಗೆಯ ಪಕ್ಕ ಬಂದು ನಿಂತರು.

"ಏಳವಾ, ಸಾವಕಾಶ. ತುಳಸಿ ಮುಂದ ನೀನ ಹಚ್ಚು."

"ಇನ್ನೂ ನಿಂತಿಲ್ರಿ, ಅತ್ತಿ."

"ಗೊತ್ತದ. ಕೂಸಿನ ಎದಿ ಬಡೀಲಿಕ್ಕತ್ತದ ಅಂದ ಮ್ಯಾಲ ಅದು ಮುಟ್ಟು ಹೆಂಗಾಗ್ತದ? ಮುಂಜಾನೆ ನನ್ನ ಬುದ್ಧಿ ಮಣ್ಣ ತಿಂದಿತ್ತು."

ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ಎದ್ದೆ. ಮೊದಲ ಕಡ್ಡಿ ಆರಿತು. ಅತ್ತೆ ಗಾಳಿಗೆ ಸೆರಗು ಅಡ್ಡ ಹಿಡಿದರು.

ಎದುರು ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಜೋಶಿ ಕಾಕು, ಕೈ ನಿಲ್ಲಿಸದೆ, ತಮ್ಮ ಮರಾಠಿಯಲ್ಲಿ ಕೂಗಿದರು:

"ಅಗಂ, ಈ ತಿಂಗಳು ನಿಮ್ಮತ್ತೆಗೆ ದೀಪ ಹಚ್ಚೋ ಕೆಲಸ ಬಂದೇ ಇಲ್ಲ ನೋಡು!"