ನಿಂಗಜ್ಜಿ ಕಟ್ಟಿದ್ದು, ನಿಂಗಜ್ಜಿ ಬಿಚ್ಚಿದ್ದು

ನಿಂಗಜ್ಜಿ ಹೆಂಗಸರ ಮುಖ ನೋಡುವ ಮೊದಲು ನಡಿಗೆ ನೋಡುತ್ತಿದ್ದಳು. ಕೆ.ಆರ್. ಪೇಟೆಯ ನಮ್ಮ ಬೀದಿಯ ನಲ್ಲಿಕಟ್ಟೆಯ ಹತ್ತಿರ ಕಾಲು ಚಾಚಿ ಕೂತು, ಬಿಂದಿಗೆ ಹೊತ್ತವರನ್ನು ತಡೆದು ಕೇಳುವಳು: “ಏನ್ ಜಯಮ್ಮ, ಸೊಂಟನ ಗಂಟು ಕಟ್ಕಂಡು ಓಯ್ತಿದ್ದೀಯೆ, ಯಾರ್ ಮ್ಯಾಲವ್ವ ಸಿಟ್ಟು?”

“ನಿನ್ ಮ್ಯಾಲೇ ಕಣಜ್ಜಿ, ದಾರಿಗಡ್ಡ ಕುಂತಿದ್ದೀಯಲ್ಲ!” ಎಂದು ಜಯಮ್ಮ ನಕ್ಕರೆ, “ಈಗ ಸಡ್ಲಾಯ್ತು, ಓಗು” ಎನ್ನುವಳು.

ಬಾಣಂತಿಯರಿಗೆ ನೀರು ಹಾಕುವುದು ಅವಳ ಕೆಲಸ. ಎಣ್ಣೆ ಮುಟ್ಟುವ ಮೊದಲು ಎರಡೂ ಅಂಗೈಯನ್ನು ಬಿಸಿನೀರಲ್ಲಿ ಅದ್ದಿ, ತನ್ನ ಕೆನ್ನೆಗೆ ಒತ್ತಿ ನೋಡಿಕೊಳ್ಳುತ್ತಿದ್ದಳು. ತಣ್ಣನೆಯ ಕೈ ತಾಗಿದರೆ ಮೈ ಬಾಗಿಲು ಹಾಕಿಕೊಳ್ಳುತ್ತದಂತೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಮೈಸೂರಿನಿಂದ ಆ ಊರಿಗೆ ಸೊಸೆಯಾಗಿ ಬಂದೆ. ಕಾನ್ವೆಂಟಿನಲ್ಲಿ ಓದಿದವಳು, ಮಂಡಿ ಜೋಡಿಸಿ ಕೂರುವುದನ್ನೂ ಅಳು ಬಂದರೆ ನುಂಗುವುದನ್ನೂ ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದರು. ಅಮ್ಮ ಇರಲಿಲ್ಲವಾದ್ದರಿಂದ ಬಾಣಂತನವೂ ಅತ್ತೆಮನೆಯಲ್ಲೇ ಎಂದಾಯಿತು. ಆಸ್ಪತ್ರೆಯಿಂದ ಬಂದ ದಿನ ನಿಂಗಜ್ಜಿ ಹಳೇ ಪಂಚೆಯಿಂದ ನನ್ನ ಹೊಟ್ಟೆಯನ್ನು ಬಿಗಿದು ಕಟ್ಟಿದಳು. ತಿಂಗಳು ಕಳೆದ ಮೇಲೆ ಕಟ್ಟಿದವಳೇ ಬಂದು ಪೂರ್ತಿಯಾಗಿ ಬಿಡಿಸಬೇಕು, ಅದು ಆ ಮನೆಯ ರೂಢಿ.

ಮರುದಿನ ಬೆಳಿಗ್ಗೆ ಮಗು ತೀರಿಕೊಂಡಿತು. ಮಗುವಿಲ್ಲದ ಮೇಲೆ ಬಾಣಂತನವೆಲ್ಲಿಯದು? ನಿಂಗಜ್ಜಿಯನ್ನು ಮತ್ತೆ ಯಾರೂ ಕರೆಯಲಿಲ್ಲ. “ಮರ್ತ್‌ಬುಡವ್ವ, ಇನ್ನೊಂದಾಯ್ತದೆ” ಎಂದು ಅತ್ತೆ ನನ್ನ ತಲೆ ಸವರಿ, ಹಾಲು ಕರೆಯಲು ಕೊಟ್ಟಿಗೆಗೆ ಹೋದರು. ನಾಗಮಂಗಲದಲ್ಲಿ ಕೆಲಸಕ್ಕಿದ್ದ ನನ್ನವರು ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಅವರೂ ಆ ಮಾತೆತ್ತಲಿಲ್ಲ.

ನಾನು ಪಂಚೆ ಬಿಡಲಿಲ್ಲ. ದಿನಾ ಸ್ನಾನವಾದ ಮೇಲೆ ನಾನೇ ಕಟ್ಟಿಕೊಳ್ಳುತ್ತಿದ್ದೆ, ಹಿಂದಿನ ದಿನಕ್ಕಿಂತ ತುಸು ಬಿಗಿಯಾಗಿ. ಹೆತ್ತಿದ್ದೆ ಅನ್ನುವುದಕ್ಕೆ ಉಳಿದದ್ದು ಅದೊಂದೇ.

ವರ್ಷ ತಿರುಗುವಷ್ಟರಲ್ಲಿ ಕೆಳಹೊಟ್ಟೆಯಿಂದ ತೊಡೆಸಂದಿನವರೆಗೆ ಹಿಂಡಿದಂಥ ನೋವು. ಕೂರಲಾರೆ, ಮೂತ್ರಕ್ಕೆ ಹೋದರೂ ಸಲೀಸಾಗಿ ಬಾರದು. ಡಾಕ್ಟರು ಸ್ಕ್ಯಾನು ನೋಡಿ ಏನೂ ಇಲ್ಲವೆಂದರು. ಉಷ್ಣವಿರಬೇಕೆಂದು ಅತ್ತೆ ಎಳನೀರು ಕುಡಿಸಿದರು.

ಒಂದು ಮಧ್ಯಾಹ್ನ ನಲ್ಲಿಯಿಂದ ಬರುವಾಗ ನಿಂಗಜ್ಜಿ ನನ್ನ ನಡಿಗೆ ಕಂಡಳು. ತಮಾಷೆ ಮಾಡಲಿಲ್ಲ. ಹಿಂದೆಯೇ ಮನೆಗೆ ಬಂದು, ಚಾಪೆಯ ಮೇಲೆ ಮಲಗಿಸಿ, ಸೀರೆ ಸರಿಸಿದಳು. ಅವಳ ಕೈ ಪಂಚೆಯ ಮೇಲೆ ನಿಂತುಬಿಟ್ಟಿತು.

“ಅಯ್ಯೋ ನನ್ನವ್ವ, ಇನ್ನೂ ಕಟ್ಕಂಡೇ ಇದ್ದೀಯಾ? ಕಟ್ದೋಳು ನಾನು. ಕರೀನಿಲ್ಲ ಅಂತ ಸುಮ್ಕಿದ್ಬುಟ್ನಲ್ಲ.”

ಬಿಚ್ಚಿದಳು. ಬೆಚ್ಚಗಿನ ಅಂಗೈಯನ್ನು ಕೆಳಹೊಟ್ಟೆಯ ಮೇಲಿಟ್ಟಳು, ಒತ್ತಲಿಲ್ಲ, ತಿಕ್ಕಲಿಲ್ಲ.

“ಉಸ್ರ ಇಲ್ಲಿಗಂಟ ಕಳ್ಸು. ನನ್ ಕೈಯ ಮ್ಯಾಲೆತ್ತು, ನೋಡಾನ.”

ಎಷ್ಟೆಳೆದರೂ ಉಸಿರು ಎದೆಯಲ್ಲೇ ನಿಲ್ಲುತ್ತಿತ್ತು.

“ಎಲ್ಲವ್ವ ಇಡ್ಕಂಡಿದ್ದೀಯ?”

“ಕೆಳಗೆ, ತೊಡೆಸಂದಿಯಲ್ಲಿ ಅಜ್ಜಿ. ಮುಷ್ಟಿ ಬಿಗಿದ ಹಾಗಿದೆ.”

“ಬುಡು ಅಂತ ನಾನ್ ಏಳಾಕಿಲ್ಲ. ಇಡ್ಕಂಡಿದ್ದೀನಿ ಅಂತ ಗೊತ್ತಾಯ್ತಲ್ಲ, ಅಷ್ಟ್ ಸಾಕು.” ಕೈ ತೆಗೆಯದೆ ಕೇಳಿದಳು, “ಮಗೀಗೆ ಏನ್ ಎಸ್ರು ಅಂದ್ಕಂಡಿದ್ದೆ?”

ಆ ಹೆಸರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹೇಳಿದೆ. ಹೇಳುತ್ತಿದ್ದಂತೆ ಉಸಿರು ಜಾರಿ ಅವಳ ಅಂಗೈಯವರೆಗೆ ಇಳಿಯಿತು, ಅದರ ಹಿಂದೆಯೇ ಅಳು ಬಂತು. ನನ್ನದೇ ದನಿಯೆಂದು ನನಗೇ ನಂಬಿಕೆಯಾಗದಷ್ಟು ಜೋರು.

ಅತ್ತೆ ಓಡಿಬಂದರು. “ಏನಾಯ್ತೇ ನಿಂಗಿ?”

“ಏನಿಲ್ಲ ಕಣವ್ವ. ನಿನ್ ಸೊಸೆ ವರ್ಸದ್ ಬಾಣಂತಿ. ಇವತ್ತು ನೀರ್ ಉಯ್ತೀನಿ, ಒಲೆಗೆ ಉರಿ ಮಾಡೋಗು.”

ಅತ್ತೆ ಹೋಗಿ ಉರಿ ಮಾಡಿದರು.

ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಮೂರು ತಿಂಗಳು ನಿಂಗಜ್ಜಿ ಬಂದಳು. “ಪಾತ್ರೆ ತಿಕ್ವಾಗ ಒಂದ್ಸಲ ನಿನ್ ಮೈಯ್ಯ ಮಾತಾಡ್ಸು, ಅಲ್ಲು ಕಚ್ಚಿದ್ದೀಯೋ, ಕುಂಡೆ ಬಿಗ್ದಿದ್ದೀಯೋ ಅಂತ” ಎನ್ನುವಳು. ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದೆ. ಈಗಲೂ ಪಾತ್ರೆಯ ಮುಂದೆ ಮಾತಾಡಿಸಿಕೊಳ್ಳುತ್ತೇನೆ.

ಕೊನೆಯ ಸಲ ಅವಳನ್ನು ಕಂಡದ್ದು ಪಾಂಡವಪುರದ ಮಗಳ ಮನೆಯಲ್ಲಿ. ಕಣ್ಣು ಮಂಜಾಗಿತ್ತು. ಹೊರಡುವಾಗ ನನ್ನ ಮಣಿಕಟ್ಟು ಹಿಡಿದು, ಮಗುವಿನ ಹೆಸರು ಹೇಳಿ, “ಅವ್ನಿಗೀಗ ಆರು ತುಂಬ್ತಿತ್ತಲ್ವ?” ಎಂದಳು. ಹೂಂ ಎಂದೆ. ಮುಂದಿನ ಯುಗಾದಿಯೊಳಗೆ ಅವಳು ಹೋದ ಸುದ್ದಿ ಬಂತು.

ಆಮೇಲೆ ನನಗೆ ಇಬ್ಬರು ಮಕ್ಕಳಾದರು. ಅವರಿಗೊಬ್ಬ ಅಣ್ಣನಿದ್ದುದನ್ನು ನಾನು ಹೇಳಿಲ್ಲ. ನನ್ನದಲ್ಲದ ಬಾಯೊಂದು ಆ ಹೆಸರು ಆಡಿದ್ದು, ಪಾಂಡವಪುರದಲ್ಲಿ ಆ ದಿನವೇ ಕಡೆ.