ನೆಲಕ್ಕೂ ಒಂಚೂರು ಕೊಡಿ ಎಂದವರು

ಮೇಡಂ ನನಗೆ ಒಪ್ಪಿಸಿದ್ದು ಒಂದೇ ಕೆಲಸ. ವಾರಕ್ಕೊಮ್ಮೆ ನನ್ನ ತಮ್ಮನನ್ನು ಚಾಮರಾಜನಗರದ ಥೆರಪಿ ಸೆಂಟರಿಗೆ ಕರೆದುಕೊಂಡು ಹೋಗುವುದು. ಅದನ್ನು ನಾನು ಮಾಡಲಿಲ್ಲ.

ಅವರ ಕೈ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಬ್ಬದಲ್ಲಿ ಮೊಣಕೈವರೆಗೆ ಮೆಹಂದಿ ಹಚ್ಚಿಕೊಂಡರೂ ಉಗುರು ಮಾತ್ರ ಚರ್ಮದ ಅಂಚಿಗೇ ಕತ್ತರಿಸಿರುತ್ತಿತ್ತು. ದಿನವೂ ಎಳೆ ಮಕ್ಕಳ ಕಾಲು ಮುಟ್ಟುವ ಕೈ, ಗೀರಬಾರದು ಎನ್ನುತ್ತಿದ್ದರು. ಬುರ್ಖಾದ ಅಂಚಿಗೆ ನಮ್ಮೂರು ಭೀಮನಬೀಡಿನ ಕೆಮ್ಮಣ್ಣು ಮೆತ್ತಿಕೊಂಡಿರುತ್ತಿತ್ತು.

ಅವರು ಡಾಕ್ಟರಲ್ಲ, ನರ್ಸೂ ಅಲ್ಲ. ನನ್ನ ತಮ್ಮನಂತೆ ನಡಿಗೆ, ಮಾತು ತಡವಾದ ಮಕ್ಕಳಿಗೆ ಕಾಲಿನ ವ್ಯಾಯಾಮ ಹೇಳಿಕೊಡುವವರು ಒಬ್ಬರು, ಮಾತು ಕಲಿಸುವವರು ಇನ್ನೊಬ್ಬರು, ಅಂಗವಿಕಲರ ಕಾರ್ಡು ಮಾಡಿಕೊಡುವ ಆಫೀಸು ಬೇರೆಲ್ಲೋ. ಇವರನ್ನೆಲ್ಲ ನಮ್ಮಂಥ ಮನೆಗಳಿಗೆ ಜೋಡಿಸುವುದು ಮೇಡಂ ಕೆಲಸ. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬಂದು ಜಗಲಿಯ ಮೇಲೆ ಕೂತು, ಮೊದಲು ಅವ್ವನ ದಿನ ಹೇಗೆ ಕಳೆಯುತ್ತದೆಂದು ಕೇಳಿದರು. ಪಾತ್ರೆ ಬೆಳಗುವಾಗ ಅವನು ಕಲ್ಲು ಹಿಡಿದು ನಿಲ್ಲಲಿ, ಚೆಂಡುಹೂವು ಚೀಲಕ್ಕೆ ತುಂಬುವಾಗ ಅವನೂ ಕೂತು ಒಂದೊಂದೇ ಎಸೆಯಲಿ ಎಂದು ನಮ್ಮ ಕೆಲಸದೊಳಗೇ ವ್ಯಾಯಾಮ ಸೇರಿಸಿದರು. ಅವ್ವ ಅವನನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ.

"ನೆಲಕ್ಕೂ ಒಂಚೂರು ಕೊಡೀಮ್ಮ ಅವನ್ನ. ಎಲ್ಲಾ ನೀವೇ ಇಟ್ಕೊಂಡ್ರೆ ಹೆಂಗೆ?"

"ಬಿದ್ಬುಟ್ರೆ ಮೇಡಮ್ಮ?"

"ಬೀಳ್ಲಿ. ನಾನೂ ನೀವೂ ಬೀಳ್ದೇನೇ ನಡೆಯಾಕ್ ಕಲ್ತ್ವಾ?"

ಸೆಂಟರಿಗೆ ಫೋನ್ ಮಾಡಿದಾಗ ಮಾತ್ರ ಅವರ ದನಿ ಗಟ್ಟಿಯಾಗುತ್ತಿತ್ತು. "ಕಾಲಿಂದೂ ಮಾತಿಂದೂ ಒಂದೇ ದಿನ ಹಾಕ್ಕೊಡಿ ಸರ್. ಎರಡೆರಡು ದಿನ ಅವರ್ನ ಅಲೆಸ್ಬೇಡಿ." ಹಾಗೆ ಒಂದು ದಿನ ಗೊತ್ತಾಯಿತು. ಅದು ಹೂವು ಬಿಡಿಸುವ ಕಾಲ, ಅವ್ವನಿಗೆ ಬಿಡುವಿರಲಿಲ್ಲ. ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮನೆಯಲ್ಲಿದ್ದೆ. ಹಿಮ್ಮಡಿ ನೆಲಕ್ಕೆ ತಾಗುವಂತೆ ಈಗಲೇ ಪಳಗಿಸಬೇಕು, ತಡವಾದರೆ ನರ ಬಿಗಿಯುತ್ತದೆ ಎಂದು ನನಗೆ ಬಿಡಿಸಿ ಹೇಳಿದರು. ಮೊದಲ ಸಲ ತಾವೇ ಜೊತೆಗೆ ಬಂದರು.

ಎರಡನೆಯ ಸಲ ನಾನೊಬ್ಬಳೇ ಹೋದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಜೊಲ್ಲು ಸುರಿಸುತ್ತಿದ್ದ ತಮ್ಮನನ್ನು ನೋಡಿದಳು, ನನ್ನ ಕೊರಳು ನೋಡಿದಳು.

"ನಿಂದೇನಮ್ಮಿ ಮಗ? ತಾಳಿನೇ ಕಾಣೆ! ಇವ್ರಪ್ಪ ಎಲ್ಲವ್ನೆ?"

ಹಿಂದಿನ ಸೀಟಿನ ಹುಡುಗರು ಕಿಸಕ್ಕನೆ ನಕ್ಕರು. ತಮ್ಮ ಎಂದು ಹೇಳಲು ನನಗೆ ಬಾಯೇ ಬರಲಿಲ್ಲ. ಅರ್ಧ ದಾರಿಯಲ್ಲಿ, ತೆರಕಣಾಂಬಿಯಲ್ಲಿ ಇಳಿದುಬಿಟ್ಟೆ. ಅವನಿಗೊಂದು ಬನ್ನು ತಿನ್ನಿಸಿ, ಹೊತ್ತು ಕಳೆದು ವಾಪಸು ಬಂದೆ.

"ಡಾಕ್ಟ್ರು ಬಂದಿರ್ನಿಲ್ಲ ಕಣವ್ವ" ಅಂದೆ.

ಮನೆಗೆಲ್ಲ ಇದ್ದ ಒಂದೇ ಫೋನು ನನ್ನ ಕೈಯಲ್ಲೇ ಇರುತ್ತಿತ್ತು. ಮೇಡಂ ಫೋನ್ ಮಾಡಿದರೆ ಮಗುವಿಗೆ ಜ್ವರ ಎಂದೆ, ಮದ್ದೂರಿನ ನೆಂಟರ ಮನೆಯಲ್ಲಿದ್ದೇವೆ ಎಂದೆ. ಅವ್ವನಿಗೆ ಒಂದು ಸುಳ್ಳು, ಅವರಿಗೆ ಇನ್ನೊಂದು. ಅವರು ಅಷ್ಟು ಕಷ್ಟಪಟ್ಟು ಜೋಡಿಸಿದ್ದನ್ನು ನಡುವೆ ನಿಂತು ನಾನು ಕಡಿದೆ. ಹೂವಿನ ಕಾಲ ಮುಗಿಯುವವರೆಗೂ ಹೀಗೇ ನಡೆಯಿತು. ತಮ್ಮನಿಗೆ ಹೇಳಲು ಮಾತು ಬರುತ್ತಿರಲಿಲ್ಲ.

ಒಂದು ದಿನ ಮೇಡಂ ತಿಳಿಸದೆ ಬಂದರು. ಅವ್ವ ಬಾಗಿಲಲ್ಲೇ ಹರಿಹಾಯ್ದಳು.

"ನಿಮ್ ಡಾಕ್ಟ್ರು ಯಾವತ್ತೂ ಇರಾಕಿಲ್ವಂತೆ! ಬಡವ್ರ ಮಕ್ಳು ಅಂದ್ರೆ ಆಟ ಆಗೋಯ್ತಾ ನಿಮ್ಗೆ?"

ಮೇಡಂ ನನ್ನ ಮುಖ ನೋಡಿದರು. ನಾನು ತಲೆ ಎತ್ತಲಿಲ್ಲ. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ.

"ತಪ್ಪಾಯ್ತಮ್ಮ, ನಾನು ಸರಿಯಾಗಿ ನೋಡ್ಕೊಬೇಕಿತ್ತು" ಎಂದರು. ಆಮೇಲೆ ತಮ್ಮನ ಪಾದವನ್ನು ಕೈಯಲ್ಲಿಟ್ಟುಕೊಂಡು ಮೆಲ್ಲಗೆ ಒತ್ತಿದರು. ಹಿಮ್ಮಡಿ ಕೆಳಗೆ ಬರಲಿಲ್ಲ.

ಬಸ್ ಸ್ಟಾಪಿನವರೆಗೆ ಬಾ ಎಂದು ನನ್ನನ್ನು ಕರೆದರು. ಯಾಕೆ ಹೋಗಲಿಲ್ಲ ಎಂದು ಕೇಳಲಿಲ್ಲ. "ಬಸ್ಸಲ್ಲಿ ಏನಾಯ್ತು?" ಎಂದರು. ಅಳುತ್ತಾ ಎಲ್ಲ ಹೇಳಿದೆ.

"ಅಮ್ಮನ ಕಷ್ಟ ಕೇಳ್ದೆ, ಬಸ್ ಟೈಮ್ ಕೇಳ್ದೆ. ನಿನ್ನ ಒಂದು ಮಾತು ಕೇಳ್ಲಿಲ್ಲ ನಾನು" ಎಂದರು. "ಆದ್ರೆ ಅವನಿಗೆ ನಷ್ಟ ಆಗಿದೆ ಕಣಮ್ಮ. ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ನಿಮ್ಮವ್ವಂಗೆ ನಾನು ಹೇಳೋದಿಲ್ಲ. ಅದು ನೀನು ಹೇಳ್ಬೇಕಾದ ಮಾತು."

ಮುಂದಿನ ವಾರದಿಂದ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ನಮ್ಮ ಪಕ್ಕ ಕೂರುತ್ತಿದ್ದರು. ಯಾರಾದರೂ ಮಗು ಯಾರದೆಂದು ಕೇಳಿದರೆ ಇಡೀ ಬಸ್ಸಿಗೆ ಕೇಳುವಂತೆ, "ಇವನಿಗೆ ಇಬ್ರು ಅಕ್ಕಂದ್ರು. ಚಿಕ್ಕೋಳು ಇವಳು, ದೊಡ್ಡೋಳು ನಾನು!" ಎನ್ನುತ್ತಿದ್ದರು. ಬುರ್ಖಾ ತೊಟ್ಟ ಅಕ್ಕನನ್ನೂ ನನ್ನ ಹಣೆಯ ಕುಂಕುಮವನ್ನೂ ನೋಡಿ ಜನ ಕಕ್ಕಾಬಿಕ್ಕಿಯಾಗುತ್ತಿದ್ದರು. ನನಗೆ ನಗು ಬರುತ್ತಿತ್ತು. ಆದರೆ ಬಿಗಿದ ನರ ವ್ಯಾಯಾಮಕ್ಕೆ ಬಗ್ಗಲಿಲ್ಲ. ಮೈಸೂರಿನಲ್ಲಿ ಆಪರೇಷನ್ ಆಯಿತು. ಮೊದಲೇ ಬಂದಿದ್ದರೆ ಇದು ಬೇಕಾಗುತ್ತಿರಲಿಲ್ಲವೇನೋ ಎಂದು ಡಾಕ್ಟರು ಅಂದಾಗ ಮೇಡಂ ನನ್ನ ಕೈ ಹಿಡಿದುಕೊಂಡಿದ್ದರು. ತಮ್ಮ ಈಗ ಕೋಲು ಹಿಡಿದು ನಡೆಯುತ್ತಾನೆ. ನಾಲ್ಕು ಮಾತನ್ನೂ ಆಡುತ್ತಾನೆ.

ಹೋದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ನಮ್ಮೂರಿಗೆ ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ನನ್ನ ತಪ್ಪು ಗೊತ್ತಿದ್ದವರು ಅವರೊಬ್ಬರೇ. ಅದು ಗೊತ್ತಿದ್ದೂ ನನ್ನ ಪಕ್ಕ ಬಂದು ಕೂತವರು. ಅವರು ಹೋದ ಮೇಲೆ ಅದರ ಜೊತೆ ನಾನೊಬ್ಬಳೇ ಉಳಿದೆ. ಮನೆಯಲ್ಲಿ ಎಲ್ಲರೂ ಇದ್ದರೂ ಯಾರೂ ಇಲ್ಲವೆನಿಸುತ್ತಿತ್ತು. ತಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಊರವರು ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದೆ.

ಮೊನ್ನೆ ಅವ್ವ ಒಲೆಯ ಮುಂದೆ ಕೂತಿದ್ದಾಗ ಹೇಳಿಬಿಟ್ಟೆ.

"ಅವ್ವ, ಡಾಕ್ಟ್ರು ಇದ್ರು. ನಾನೇ ಓಗ್ನಿಲ್ಲ."

ಅವ್ವ ಒಲೆಯ ಸೌದೆಯನ್ನು ಹಿಂದಕ್ಕೆಳೆದಳು. "ಆ ಮೇಡಮ್ಮನ್ನ ಬಾಗಿಲಲ್ಲೇ ನಿಲ್ಸಿ ಬೈದ್ಬುಟ್ನಲ್ಲಮ್ಮಿ" ಎಂದಳು. ನನ್ನ ಕಡೆ ತಿರುಗಲಿಲ್ಲ.

ನಾನು ಎದ್ದು ಜಗಲಿಗೆ ಹೋದೆ. ತಮ್ಮನ ಎದುರು ನೆಲದ ಮೇಲೆ ಕೂತೆ. ಏನು ಎನ್ನುವಂತೆ ಅವನು ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದ.

"ನಿನ್ ಕಾಲ್ ಇಂಗಾಗಿದ್ದು ನನ್ನಿಂದ ಕಣಪ್ಪ. ನಿನ್ನ ನನ್ ತಮ್ಮ ಅನ್ನಾಕೆ ನಾಚ್ಕೊಂಬುಟ್ಟೆ. ತಪ್ಪಾಯ್ತು ಕಣ."