ದೊಡ್ಡತ್ತೆಯ ಭರಣಿ ಮತ್ತು ಕ್ವಾಂಟಂ ಹುಡುಕಾಟ

"ಅಕ್ಕನ ಭರಣಿ ಕಳದೋತು ಮಾರಾಯ!"

ಭಾನುವಾರ ಬೆಳಿಗ್ಗೆ ಸಾಗರದಿಂದ ಅತ್ತೆಯ ಫೋನು. ದನಿಯಲ್ಲಿ ಅಳು. ಮಗಳು ಸ್ವಾತಿಯನ್ನು ಎಬ್ಬಿಸಿ ತೀರ್ಥಹಳ್ಳಿಯಿಂದ ಓಡಿದೆ.

ಹೋಗಿ ನೋಡಿದರೆ ಭರಣಿ ಎಲ್ಲೂ ಹೋಗಿಲ್ಲ, ಕಪಾಟಿನಲ್ಲೇ ಇದೆ. ಯಾವುದು ಅಂತ ಮಾತ್ರ ಗೊತ್ತಿಲ್ಲ!

ಅತ್ತೆಯ ಅಕ್ಕ, ಅಂದರೆ ಹೊಸನಗರದ ನಮ್ಮ ದೊಡ್ಡತ್ತೆ, ಈ ಬೇಸಿಗೆಯಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ತಂಗಿಗೆ ಕಳಿಸಿದ್ದರು. ಆ ಕೈರುಚಿ ಇನ್ನೆಲ್ಲಿ ಸಿಗಬೇಕು? ಅತ್ತೆ ಅದರ ಮುಚ್ಚಳದ ಮೇಲಿನ ಬಾಯಿಬಟ್ಟೆಗೆ ಕೆಂಪು ದಾರ ಕಟ್ಟಿ, ತಾವೇ ಹಾಕಿದ ಅಂಥವೇ ಭರಣಿಗಳ ಸಾಲಿನಲ್ಲಿ ಇಟ್ಟಿದ್ದರು. ಮೊನ್ನೆ ಮಳೆ ಬಿಟ್ಟು ಬಿಸಿಲು ಬಂತು. (ಶ್ರಾವಣದಲ್ಲಿ ಬಿಸಿಲು ಕಂಡರೆ ನಮ್ಮ ಕಡೆಯ ಹೆಂಗಸರಿಗೆ ಮನೆಯಲ್ಲಿರುವುದನ್ನೆಲ್ಲ ಒಗೆಯುವ ಹುಚ್ಚು.) ಬಾಯಿಬಟ್ಟೆಗಳನ್ನೆಲ್ಲ ಬಿಚ್ಚಿ, ಒಗೆದು, ಒಣಗಿಸಿ ಮತ್ತೆ ಕಟ್ಟಿದರು. ಕೆಂಪು ದಾರ ಅಂಗಳದಲ್ಲೇ ಉಳಿಯಿತು.

"ಎಲ್ಲ ತೆಗೆದು ಮೂಸಿ ನೋಡು" ಎಂದೆ.

"ಈ ಥಂಡೀಲಿ ಎಲ್ಲ ತೆಗೆದ್ರೆ ಎಲ್ಲದಕ್ಕೂ ಬೂಷ್ಟು ಬತ್ತು. ಅಷ್ಟೂ ಗೊತ್ತಿಲ್ಯ ನಿಂಗೆ?"

ಗೊತ್ತಿರಲಿಲ್ಲ.

ಸ್ವಾತಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಸುಮ್ಮನಿರುತ್ತಾಳೆಯೇ? "ಕ್ವಾಂಟಂ ಕಂಪ್ಯೂಟರ್ ಆಗಿದ್ರೆ ಒಂದೊಂದೇ ತೆಗೆಯದು ಬ್ಯಾಡಾಗಿತ್ತು ಅಜ್ಜಿ" ಎಂದು ಶುರುಮಾಡಿದಳು. ಅಲ್ಲಿ ಮೊದಲು 'ಇದೇ ಇರಬಹುದು' ಎನ್ನುವುದರಲ್ಲಿ ಎಲ್ಲ ಭರಣಿಗೂ ಸಮಪಾಲಂತೆ. ಬೇಕಾದದ್ದರ ಪಾಲಿಗೆ ಮಾತ್ರ ಒಂದು ಮೈನಸ್ ಗುರುತು ಬೀಳುತ್ತದೆ. ಆಮೇಲೆ ಎಲ್ಲ ಪಾಲನ್ನೂ ಸರಾಸರಿಯ ಆಚೆಬದಿಗೆ ಮಗುಚಿದರೆ ಗುರುತಿನದು ಏರುತ್ತದೆ, ಉಳಿದವು ಇಳಿಯುತ್ತವೆ. ಮತ್ತೆ ಗುರುತು, ಮತ್ತೆ ಮಗುಚು. ನೂರು ಭರಣಿಯಿದ್ದರೂ ಹತ್ತು ಸುತ್ತಿನೊಳಗೆ ಕೆಲಸ ಮುಗಿಯಿತು. ಆಗ ನಿಲ್ಲಿಸಿ ನೋಡಿದರೆ ಬೇಕಾದದ್ದೇ ಸಿಗುವ ಸಂಭವ ಹೆಚ್ಚು. ಆಸೆಗೆ ಬಿದ್ದು ಇನ್ನೂ ತಿರುಗಿಸಿದಿರೋ, ಏರಿದ್ದೇ ಇಳಿಯುತ್ತದೆ!

"ಆ ಮಿಷನ್ನಿಗೆ ಅಕ್ಕನ ಉಪ್ಪಿನಕಾಯಿ ವಾಸನೆ ಗೊತ್ತಾಗ್ತಾ?"

"ಇಲ್ಲೆ ಅಜ್ಜಿ. ಇದು ಹೌದು, ಇದು ಅಲ್ಲ ಹೇಳಲೆ ನಿನ್ನ ಮೂಗೇ ಬೇಕು."

ಅತ್ತೆ ಕಪಾಟನ್ನೇ ನೋಡುತ್ತಾ ಕುಳಿತರು. "ಅಂದ್ರೆ, ತೆಗೆಯದೇ ಇದ್ದಷ್ಟು ದಿನ ಎಲ್ಲ ಭರಣೀಲೂ ಅಕ್ಕ ಸ್ವಲ್ಪ ಸ್ವಲ್ಪ ಇದ್ದು?"

ಸ್ವಾತಿಯೊಳಗಿನ ಟೀಚರ್ ಇಲ್ಲಿ ತಿದ್ದಬೇಕಿತ್ತು. (ಮಣ್ಣಿನ ಭರಣಿಗೆ ಆ ಲೆಕ್ಕ ನಡೆಯುವುದಿಲ್ಲ.) ತಿದ್ದಲಿಲ್ಲ. "ಹೌದು ಅಜ್ಜಿ" ಎಂದಳು.

"ಹಾಂಗಾದ್ರೆ ಹುಡುಕದು ಬ್ಯಾಡ. ಒಂದು ಮುಗದ ಮೇಲೆ ಇನ್ನೊಂದು ತೆಗೆದ್ರಾತು."

ಮಧ್ಯಾಹ್ನ ಊಟಕ್ಕೆ ಒಂದು ಭರಣಿ ತೆರೆದರು. ಮೂಸಿದರು. "ಇದು ನಂದೇ" ಎಂದವರ ಮುಖದಲ್ಲಿ ಎಂಥ ನೆಮ್ಮದಿ!

ಬೇಕಾದದ್ದು ಇವತ್ತು ಸಿಗದಿರಲಪ್ಪಾ ಎಂದು ಬೇಡಿಕೊಳ್ಳುತ್ತಾ ಹುಡುಕುವ ಕಂಪ್ಯೂಟರನ್ನು ಯಾರಾದರೂ ಕಂಡುಹಿಡಿದಿದ್ದಾರೆಯೇ?